ಎಚ್‌ಐವಿ ಪರೀಕ್ಷೆ: ದಿನ ಗೊತ್ತುಮಾಡುವುದರಿಂದ ರಿಪೋರ್ಟ್ ನಂಬುವವರೆಗೆ

ಪರೀಕ್ಷೆಗೆ ಬೇಕಿರುವುದು ಬೆರಳ ತುದಿಯ ಒಂದೆರಡು ಹನಿ ರಕ್ತ, ಇಲ್ಲವೇ ತೋಳಿನಿಂದ ತೆಗೆದ ಒಂದು ಸಣ್ಣ ಟ್ಯೂಬಿನಷ್ಟು. ಐದು ನಿಮಿಷದ ಕೆಲಸ. ಆದರೂ ಎಷ್ಟೋ ಜನ ಇದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ಇನ್ನೊಂದು ಬಗೆಯವರೂ ಇದ್ದಾರೆ: ಮೇಲಿಂದ ಮೇಲೆ ಟೆಸ್ಟ್ ಮಾಡಿಸಿ, ಎಲ್ಲವೂ ನೆಗೆಟಿವ್ ಬಂದರೂ ಒಂದನ್ನೂ ನಂಬದವರು. ನೋಡಲು ಇಬ್ಬರೂ ತದ್ವಿರುದ್ಧ, ಇಬ್ಬರನ್ನೂ ಕಾಡುವ ಭಯ ಮಾತ್ರ ಒಂದೇ.

ಭಯ ಇಳಿದ ಮೇಲೆ ಹೋಗೋಣ ಎಂದು ಕೂತರೆ ಆ ದಿನ ಬರುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ಧೈರ್ಯ ತುಂಬುವ ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ಯಾವ ದಿನ ಹೋಗಬೇಕು, ಯಾವ ಟೆಸ್ಟ್ ಕೇಳಬೇಕು, ಏನು ಬಂದರೆ ನಂಬಬೇಕು: ಈ ಮೂರನ್ನು ಹೋಗುವ ಮೊದಲೇ ತೀರ್ಮಾನಿಸಿ ಬರೆದಿಟ್ಟುಕೊಂಡರೆ, ಭಯ ಇದ್ದರೂ ಅದು ಕೆಲಸ ಕೆಡಿಸುವುದಿಲ್ಲ.

ಹೆಜ್ಜೆ 1: 72 ಗಂಟೆ ಕಳೆದಿದೆಯೇ ನೋಡಿ

ನಿಮ್ಮ ಆತಂಕಕ್ಕೆ ಕಾರಣವಾದ ಘಟನೆ ನಡೆದು ಮೂರು ದಿನ, ಅಂದರೆ 72 ಗಂಟೆ ಆಗಿಲ್ಲವೆಂದರೆ ಮುಂದಿನದ್ದನ್ನೆಲ್ಲ ಆಮೇಲೆ ಓದಿ. ಈಗಲೇ ವೈದ್ಯರ ಬಳಿ ಹೋಗಿ ‘ಪೆಪ್’ ಬೇಕೆಂದು ಕೇಳಿ. ಸೋಂಕು ತಗುಲಿರಬಹುದಾದ ಸಂಪರ್ಕದ ನಂತರ ಅದು ದೇಹದಲ್ಲಿ ನೆಲೆಯೂರದಂತೆ ತಡೆಯುವ ಔಷಧಿ ಇದು. 28 ದಿನ ಬಿಡದೆ ತೆಗೆದುಕೊಳ್ಳಬೇಕು. 72 ಗಂಟೆ ಎನ್ನುವುದು ಕೊನೆಯ ಗಡುವು, ಕಾಯಲು ಕೊಟ್ಟ ಸಮಯವಲ್ಲ. ಮೊದಲ ಕೆಲವೇ ಗಂಟೆಗಳಲ್ಲಿ ಶುರುಮಾಡಿದರೆ ಫಲ ಹೆಚ್ಚು. ಮಧ್ಯರಾತ್ರಿಯಾಗಿದ್ದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ. ಲೈಂಗಿಕ ದೌರ್ಜನ್ಯ ನಡೆದಿದ್ದರಂತೂ ಗಾಯಗಳ ಆರೈಕೆ, ಗರ್ಭ ತಡೆಯುವ ಔಷಧಿ, ಬೇರೆ ಸೋಂಕುಗಳಿಗೆ ಚಿಕಿತ್ಸೆ ಎಲ್ಲವೂ ಅದೇ ಭೇಟಿಯಲ್ಲಿ ಆಗಬೇಕು.

ಪೆಪ್ ಕೊಡುವ ದಿನವೂ ಒಂದು ಎಚ್‌ಐವಿ ಟೆಸ್ಟ್ ಮಾಡುತ್ತಾರೆ. ಅದು ಹೇಳುವುದು ಆ ಘಟನೆಗಿಂತ ಮುಂಚಿನ ನಿಮ್ಮ ಸ್ಥಿತಿಯನ್ನು. ಮೊನ್ನೆ ನಡೆದದ್ದರ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಹೆಜ್ಜೆ 2: ಅಪಾಯ ನಿಜಕ್ಕೂ ಎಷ್ಟಿತ್ತು?

ಎಚ್‌ಐವಿ ಹರಡುವುದು ರಕ್ತ, ವೀರ್ಯ, ವೀರ್ಯಕ್ಕೂ ಮುಂಚೆ ಬರುವ ದ್ರವ, ಯೋನಿ ಮತ್ತು ಗುದದ್ವಾರದ ದ್ರವ, ಎದೆಹಾಲು ಇವುಗಳ ಮೂಲಕ. ಎಂಜಲು, ಬೆವರು, ಕಣ್ಣೀರು, ಸೊಳ್ಳೆ ಕಡಿತ, ಶೌಚಾಲಯದ ಸೀಟು, ಒಂದೇ ತಟ್ಟೆಯ ಊಟ, ಅಪ್ಪುಗೆ ಯಾವುದರಿಂದಲೂ ಹರಡುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಭಯ ಹಿಡಿದ ರಾತ್ರಿಯಲ್ಲಿ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ. ಅಂಗಡಿಯ ಕೌಂಟರಿನ ಮೇಲೆ ಕಂಡ ಒಂದು ಕೆಂಪು ಕಲೆ, ಕ್ಷೌರದಲ್ಲಾದ ಗೀರು ಎಲ್ಲವೂ ದೊಡ್ಡದಾಗಿ ಕಾಣುತ್ತವೆ.

ನಿಜವಾದ ಅಪಾಯಕ್ಕೂ ಅಂಕಿ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಅಂದಾಜು ಹೀಗಿದೆ: ಸಂಗಾತಿಗೆ ಎಚ್‌ಐವಿ ಇದ್ದು, ಚಿಕಿತ್ಸೆ ಇಲ್ಲದೆ, ಕಾಂಡೋಮ್ ಇಲ್ಲದೆ ಸಂಭೋಗ ನಡೆದರೆ, ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸೋಂಕು ತಗುಲುವ ಸಂಭವ 10,000 ಸಲಕ್ಕೆ ಸುಮಾರು 8, ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 138, ಇನ್ನೊಬ್ಬರಿಗೆ 11. ಮಾದಕ ವಸ್ತು ಚುಚ್ಚಿಕೊಳ್ಳಲು ಒಂದೇ ಸೂಜಿ ಹಂಚಿಕೊಂಡರೆ 63. ಬಾಯಿ ಮೂಲಕದ ಸಂಭೋಗದಲ್ಲಿ ಅಪಾಯ ಬಹಳ ಕಡಿಮೆ.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ‘ಒಂದು ಸಲ ತಪ್ಪಿದರೆ ಮುಗಿಯಿತು’ ಎಂಬ ನಂಬಿಕೆ ಸುಳ್ಳು. ಹಾಗೆಂದು ‘ಒಂದೇ ಸಲ ತಾನೇ’ ಎನ್ನುವ ಸಮಾಧಾನವೂ ಪೂರ್ತಿ ನಿಜವಲ್ಲ. ಸಂಗಾತಿಗೆ ಈಚೆಗಷ್ಟೇ ಸೋಂಕು ತಗುಲಿದ್ದರೆ ಅವರ ರಕ್ತದಲ್ಲಿ ವೈರಸ್ ಮಟ್ಟ ತುಂಬ ಹೆಚ್ಚಿರುತ್ತದೆ. ಇಬ್ಬರಲ್ಲಿ ಯಾರಿಗಾದರೂ ಬೇರೆ ಗುಪ್ತರೋಗವಿದ್ದರೂ ಅಪಾಯ ಏರುತ್ತದೆ. ಲೆಕ್ಕ ಹಾಕುವುದು ಟೆಸ್ಟ್ ಬೇಡ ಎಂದು ತೀರ್ಮಾನಿಸಲು ಅಲ್ಲ, ಹೋಗುವ ದಿನದವರೆಗೆ ತಲೆ ನೆಟ್ಟಗಿರಲಿ ಎಂದು.

ಹೆಜ್ಜೆ 3: ಸರಿಯಾದ ದಿನ ಗೊತ್ತುಮಾಡಿ

ಇಡೀ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿ. ವೈರಸ್ ದೇಹ ಹೊಕ್ಕ ಮರುದಿನವೇ ಯಾವ ಟೆಸ್ಟಿಗೂ ಸಿಕ್ಕಿಬೀಳುವುದಿಲ್ಲ. ಮೊದಲು ಅದು ಒಳಗೆ ಹೆಚ್ಚಬೇಕು, ಆಮೇಲೆ ರಕ್ತದಲ್ಲಿ ಕಾಣಿಸಬೇಕು, ಅದಾದ ಮೇಲೆ ದೇಹ ಅದರ ವಿರುದ್ಧ ಹೋರಾಡುವ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು ತಯಾರಿಸಬೇಕು. ಸೋಂಕು ತಗುಲಿದ್ದರೂ ಟೆಸ್ಟಿಗೆ ಕಾಣದ ಈ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಅದು ಎಷ್ಟು ದಿನ ಎಂಬುದು ಟೆಸ್ಟ್ ಯಾವುದನ್ನು ಹುಡುಕುತ್ತದೆ ಎಂಬುದರ ಮೇಲೆ ನಿಂತಿದೆ.

ಎಲ್ಲಕ್ಕಿಂತ ಮೊದಲು ಹಿಡಿಯುವುದು ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ. ಸಂಪರ್ಕವಾದ 10ರಿಂದ 33 ದಿನಗಳಲ್ಲಿ ಇದು ಸೋಂಕನ್ನು ಗುರುತಿಸಬಲ್ಲದು. ದುಬಾರಿ, ಎಲ್ಲರಿಗೂ ಬೇಕಿಲ್ಲ. ಎರಡನೆಯದು ವೈರಸ್ಸಿನ ಪಿ24 ಎಂಬ ಪ್ರೋಟೀನನ್ನೂ ದೇಹದ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ಪರೀಕ್ಷೆ. ಲ್ಯಾಬಿನವರ ಮಾತಿನಲ್ಲಿ ಇದು ‘ಫೋರ್ತ್ ಜನರೇಷನ್’. ತೋಳಿನಿಂದ ರಕ್ತ ತೆಗೆದು ಲ್ಯಾಬಿನ ಯಂತ್ರದಲ್ಲಿ ಮಾಡಿದರೆ 18ರಿಂದ 45 ದಿನ. ಇದೇ ಬಗೆಯದನ್ನು ಬೆರಳ ರಕ್ತದಿಂದ ರ‍್ಯಾಪಿಡ್ ಕಿಟ್‌ನಲ್ಲಿ ಮಾಡಿದರೆ 18ರಿಂದ 90 ದಿನ. ಪ್ರತಿಕಾಯಗಳನ್ನು ಮಾತ್ರ ಹುಡುಕುವ ರ‍್ಯಾಪಿಡ್ ಕಿಟ್‌ಗಳಿಗೆ ಮತ್ತು ಹೆಚ್ಚಿನ ಸ್ವಯಂ ಪರೀಕ್ಷಾ ಕಿಟ್‌ಗಳಿಗೆ 23ರಿಂದ 90 ದಿನ.

ಇಲ್ಲಿ ಮೊದಲ ಅಂಕಿಯನ್ನು ನೋಡಿ ಓಡಬೇಡಿ. 18 ದಿನ ಎಂದರೆ ಕೆಲವರಲ್ಲಿ ಅಷ್ಟು ಬೇಗ ಕಾಣಿಸಬಹುದು ಎಂದು. ಕೊನೆಯ ಅಂಕಿಯೇ ನಿಮಗೆ ಬೇಕಾದ್ದು. ಲ್ಯಾಬಿನ ಫೋರ್ತ್ ಜನರೇಷನ್ ಟೆಸ್ಟ್ 45 ದಿನ ಕಳೆದ ಮೇಲೆ ನೆಗೆಟಿವ್ ಬಂದರೆ, ಆ ಘಟನೆಯ ಮಟ್ಟಿಗೆ ಅದು ಅಂತಿಮ. ರ‍್ಯಾಪಿಡ್ ಕಿಟ್ ಆದರೆ 90 ದಿನ. ಹಿಂದೊಂದು ಕಾಲದಲ್ಲಿ ಆರು ತಿಂಗಳು ಕಾಯಿರಿ ಎನ್ನುತ್ತಿದ್ದರು. ಅಂದಿನ ಟೆಸ್ಟ್‌ಗಳ ಶಕ್ತಿಯೇ ಅಷ್ಟಿತ್ತು. ಎಚ್‌ಐವಿ ಪ್ರತಿಕಾಯ ಹುಡುಕುವ ಮೊದಲ ಎಲೈಸಾ ಪರೀಕ್ಷೆ ಬಂದದ್ದು 1985ರಲ್ಲಿ, ಅದೂ ಮುಖ್ಯವಾಗಿ ದಾನವಾಗಿ ಬಂದ ರಕ್ತವನ್ನು ಶೋಧಿಸಲು. ಆ ಹಳೆಯ ಸಲಹೆ ಬಾಯಿಂದ ಬಾಯಿಗೆ ಇನ್ನೂ ಓಡಾಡುತ್ತಿದೆ, ಅನೇಕರ ನಿದ್ದೆ ಕೆಡಿಸುತ್ತಿದೆ.

ಎರಡು ವಿನಾಯಿತಿಗಳಿವೆ. ಪೆಪ್ ತೆಗೆದುಕೊಂಡವರಲ್ಲಿ ಸೋಂಕು ತಡವಾಗಿ ಕಾಣಿಸಬಹುದು. ಅವರು ಸಂಪರ್ಕವಾಗಿ 4ರಿಂದ 6 ವಾರ ಆದಾಗ ಒಂದು ಸಲ, 12 ವಾರ ಆದಾಗ ಇನ್ನೊಂದು ಸಲ ಟೆಸ್ಟ್ ಮಾಡಿಸಬೇಕು. ಸೋಂಕು ಬರದಂತೆ ಮುಂಚೆಯೇ ತೆಗೆದುಕೊಳ್ಳುವ ‘ಪ್ರೆಪ್’ ಮೇಲಿರುವವರೂ ತಮ್ಮ ವೈದ್ಯರು ಹೇಳಿದ ವೇಳಾಪಟ್ಟಿಯನ್ನೇ ಅನುಸರಿಸಬೇಕು.

ಈಗ ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: ಘಟನೆಯ ತಾರೀಖು, ಅದಕ್ಕೆ 45 ಅಥವಾ 90 ದಿನ ಕೂಡಿಸಿ ಬಂದ ತಾರೀಖು, ಟೆಸ್ಟಿನ ಹೆಸರು. ಅದರ ಕೆಳಗೆ ಒಂದು ವಾಕ್ಯ: ‘ಈ ದಿನ ಈ ಟೆಸ್ಟ್ ನೆಗೆಟಿವ್ ಬಂದರೆ ನಂಬುತ್ತೇನೆ.’ ಸಹಿ ಬೇಕಿದ್ದರೆ ಹಾಕಿ. ನಗು ಬರಬಹುದು, ಆದರೆ ಈ ಚೀಟಿ ಹೆಜ್ಜೆ 8ರಲ್ಲಿ ಕೆಲಸಕ್ಕೆ ಬರುತ್ತದೆ. ಅಷ್ಟು ದಿನ ತಡೆಯಲಾಗುವುದಿಲ್ಲ ಎಂದಾದರೆ ನಾಲ್ಕನೆಯ ವಾರದ ಹೊತ್ತಿಗೆ ಲ್ಯಾಬಿನಲ್ಲಿ ಒಂದು ಫೋರ್ತ್ ಜನರೇಷನ್ ಟೆಸ್ಟ್ ಮಾಡಿಸಿ. ಆಗ ನೆಗೆಟಿವ್ ಬಂದರೆ ದೊಡ್ಡ ಭಾರವೇ ಇಳಿಯುತ್ತದೆ, ಕೊನೆಯ ಟೆಸ್ಟ್ ಮಾತ್ರ ಬಾಕಿ ಉಳಿಯುತ್ತದೆ.

ಯಾವ ಒಂದು ಘಟನೆಯೂ ಇಲ್ಲ, ಜೀವನದಲ್ಲಿ ಒಮ್ಮೆಯೂ ಮಾಡಿಸಿಲ್ಲ, ಗರ್ಭಿಣಿ, ಹೊಸ ಸಂಬಂಧ ಶುರುವಾಗಿದೆ: ಇಂಥವರು ದಿನ ಎಣಿಸಬೇಕಿಲ್ಲ, ನಾಳೆಯೇ ಹೋಗಬಹುದು.

ಹೆಜ್ಜೆ 4: ಜಾಗ ಆರಿಸಿ

ಸರ್ಕಾರಿ ಆಸ್ಪತ್ರೆಯೋ ಖಾಸಗಿ ಲ್ಯಾಬೋ ಎನ್ನುವುದಕ್ಕಿಂತ ಮುಖ್ಯ, ಅಲ್ಲಿ ಫಲಿತಾಂಶವನ್ನು ಕೂರಿಸಿಕೊಂಡು ಹೇಳುವ ಒಬ್ಬ ಮನುಷ್ಯ ಇದ್ದಾರೆಯೇ ಎಂಬುದು. ಈ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಐದು ಷರತ್ತು ಹಾಕಿದೆ: ನಿಮ್ಮ ಒಪ್ಪಿಗೆ ಇರಬೇಕು, ವಿಷಯ ಗುಟ್ಟಾಗಿರಬೇಕು, ಆಪ್ತ ಸಮಾಲೋಚನೆ ಸಿಗಬೇಕು, ಫಲಿತಾಂಶ ಸರಿಯಾಗಿರಬೇಕು, ಮುಂದಿನ ಚಿಕಿತ್ಸೆ ಅಥವಾ ತಡೆಗೆ ದಾರಿ ತೋರಿಸಬೇಕು. ಮೊದಲೇ ಫೋನ್ ಮಾಡಿ ಕೇಳಿ: ಯಾವ ಟೆಸ್ಟ್, ಪ್ರತಿಕಾಯ ಮಾತ್ರವೋ ಪಿ24 ಕೂಡವೋ? ರಿಪೋರ್ಟ್ ಯಾವಾಗ, ಯಾರ ಕೈಗೆ? ಮನೆಯ ವಿಳಾಸಕ್ಕೋ ಮನೆಯವರ ಮೊಬೈಲಿಗೋ ಸಂದೇಶ ಹೋಗುತ್ತದೆಯೇ? ರಿಯಾಕ್ಟಿವ್, ಅಂದರೆ ಸೋಂಕಿರಬಹುದು ಎಂದು ಬಂದರೆ ಖಚಿತಪಡಿಸುವ ಟೆಸ್ಟ್ ಇಲ್ಲೇ ಆಗುತ್ತದೆಯೇ? ಕೌಂಟರಿನಲ್ಲಿ ನಿಂತು ಕೇಳಲು ಮುಜುಗರವಾಗುವ ಪ್ರಶ್ನೆಗಳು ಫೋನಿನಲ್ಲಿ ಸಲೀಸು.

ರಕ್ತದಾನ ಶಿಬಿರಕ್ಕೆ ಹೋಗಿ ‘ಹೇಗೂ ಟೆಸ್ಟ್ ಮಾಡುತ್ತಾರಲ್ಲ’ ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ಶೋಧನೆಯನ್ನು ದಾಟಿ ಇನ್ನೊಬ್ಬರ ದೇಹ ಸೇರುವ ಸಾಧ್ಯತೆ ಇದೆ.

ಎಚ್‌ಐವಿ ಜೊತೆಗೆ ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್‌ಗಳನ್ನೂ ಕೇಳಿ. ಹರಡುವ ದಾರಿ ಬಹುಮಟ್ಟಿಗೆ ಒಂದೇ. ಎಚ್‌ಐವಿ ಚಿಂತೆಯಲ್ಲಿ ಇವನ್ನು ಮರೆಯುವುದು ಸಾಮಾನ್ಯ.

ಹೆಜ್ಜೆ 5: ಕಾಯುವ ದಿನಗಳು

ಟೆಸ್ಟಿಗಿಂತ ಕಷ್ಟದ ಭಾಗ ಇದೇ. ಭಯ ಈ ದಿನಗಳಲ್ಲಿ ಒಂದು ನಿರ್ದಿಷ್ಟ ಕೆಲಸಕ್ಕೆ ಹಚ್ಚುತ್ತದೆ: ಮೈ ತಡಕುವ ಕೆಲಸ. ಕನ್ನಡಿಯ ಮುಂದೆ ನಾಲಗೆ ಹೊರಚಾಚಿ ಬಿಳಿ ಪದರ ಇದೆಯೇ ನೋಡುವುದು, ಕುತ್ತಿಗೆಯಲ್ಲಿ ಗಂಟು ಹುಡುಕುವುದು, ಗಂಟೆಗೊಮ್ಮೆ ಥರ್ಮಾಮೀಟರ್. ಕುತ್ತಿಗೆಯನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಅದು ನೋಯದೆ ಏನು ಮಾಡೀತು? ಆ ನೋವೇ ಮತ್ತೊಂದು ‘ಲಕ್ಷಣ’ವಾಗುತ್ತದೆ. ಹೆದರಿದವರ ಮೇಲೆ ಹಾವು ಎಸೆದಂತೆ, ಹೊಟ್ಟೆ ಕೆಟ್ಟರೂ ಭಯ, ಮೈ ಬೆವರಿದರೂ ಭಯ. ಆತಂಕವೊಂದೇ ಸಾಕು, ಇವೆರಡನ್ನೂ ತರಬಲ್ಲದು.

ಹೊಸದಾಗಿ ಸೋಂಕು ತಗುಲಿದ ಅನೇಕರಿಗೆ 2ರಿಂದ 4 ವಾರದೊಳಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಗ್ರಂಥಿಗಳ ಊತ ಬರುವುದು ನಿಜ. ಆದರೆ ಇವೇ ಲಕ್ಷಣಗಳು ಹತ್ತಾರು ಸಾಮಾನ್ಯ ವೈರಲ್ ಜ್ವರಗಳಲ್ಲೂ ಬರುತ್ತವೆ. ಇನ್ನು ಕೆಲವರಿಗೆ ಸೋಂಕು ಇದ್ದರೂ ಏನೂ ಆಗುವುದಿಲ್ಲ. ಲಕ್ಷಣ ಇದೆ ಎಂದು ಸೋಂಕು ಇದೆ ಎನ್ನಲಾಗದು, ಇಲ್ಲ ಎಂದು ಇಲ್ಲ ಎನ್ನಲೂ ಆಗದು. ಜೋರು ಜ್ವರ ಬಂದರೆ ವೈದ್ಯರಿಗೆ ತೋರಿಸಿ, ಸಂಪರ್ಕದ ವಿಷಯವನ್ನೂ ಹೇಳಿ. ಆಗ ಅವರು ನ್ಯಾಟ್ ಪರೀಕ್ಷೆಗೆ ಬರೆಯಬಹುದು. ಅದು ಬಿಟ್ಟು ಇಂಟರ್‌ನೆಟ್ಟಿನಲ್ಲಿ ಲಕ್ಷಣಗಳನ್ನು ಹುಡುಕುವುದರಿಂದ ಸಿಗುವುದು ಹತ್ತು ನಿಮಿಷದ ಸಮಾಧಾನ, ನಂತರ ಇನ್ನೊಂದು ಹೊಸ ಅನುಮಾನ.

ಪೂರ್ತಿ ಬಿಡಿ ಎಂದರೆ ಯಾರಿಂದಲೂ ಆಗದು. ಅದರ ಬದಲು ಚಿಂತೆಗೆ ಸಮಯ ಗೊತ್ತುಮಾಡಿ: ಸಂಜೆ ಇಂಥ ಹೊತ್ತಿಗೆ ಹದಿನೈದು ನಿಮಿಷ. ಉಳಿದ ಹೊತ್ತಿನಲ್ಲಿ ಬಂದ ಪ್ರಶ್ನೆಯನ್ನು ಬರೆದಿಟ್ಟು ಆ ಹೊತ್ತಿಗೆ ಮುಂದೂಡಿ. ಸಂಜೆಯಾಗುವಾಗ ಅರ್ಧ ಪ್ರಶ್ನೆಗಳು ತಾವಾಗಿಯೇ ಸಪ್ಪೆಯಾಗಿರುತ್ತವೆ, ಉಳಿದವನ್ನು ಕೌನ್ಸೆಲರ್ ಮುಂದಿಡಬಹುದು. ಎದೆ ಡವಗುಟ್ಟಿ ಉಸಿರು ಕಟ್ಟಿದಂತಾದರೆ, ಒಳಗೆಳೆದುಕೊಂಡ ಉಸಿರಿಗಿಂತ ಬಿಡುವ ಉಸಿರನ್ನು ಉದ್ದ ಮಾಡಿ, ನಾಲ್ಕು ಎಣಿಸುತ್ತಾ ಒಳಗೆ, ಆರೋ ಎಂಟೋ ಎಣಿಸುತ್ತಾ ಹೊರಗೆ, ಕೆಲವು ನಿಮಿಷ. ನಿದ್ದೆ ಬರಲೆಂದು ಮದ್ಯಕ್ಕೆ ಕೈಹಾಕಬೇಡಿ, ನಡುರಾತ್ರಿ ಎಚ್ಚರವಾದಾಗ ಭಯ ದುಪ್ಪಟ್ಟಾಗಿರುತ್ತದೆ.

ಒಬ್ಬರಿಗೆ ಹೇಳಿ. ಒಬ್ಬರಿಗೆ ಸಾಕು. ಗುಟ್ಟು ಕಾಯುವವರು, ಉಪದೇಶ ಮಾಡದವರು, ಟೆಸ್ಟ್ ದಿನ ಜೊತೆಗೆ ಬರಬಲ್ಲವರು. ಅಂಥವರು ಯಾರೂ ಇಲ್ಲವೆಂದರೆ ಆಪ್ತ ಸಮಾಲೋಚಕರು ಇರುವುದೇ ಅದಕ್ಕೆ. ಟೆಸ್ಟಿಗೆ ಮುಂಚೆಯೂ ಅವರ ಜೊತೆ ಮಾತಾಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ‘ಪಾಸಿಟಿವ್ ಬಂದರೆ ಬದುಕುವುದಿಲ್ಲ’ ಎಂಬ ಯೋಚನೆ ಒಮ್ಮೆ ಬಂದು ಹೋಗದೆ ತಲೆಯಲ್ಲಿ ಬೇರೂರುತ್ತಿದ್ದರೆ ಟೆಸ್ಟ್ ದಿನದವರೆಗೆ ಕಾಯಬೇಡಿ. ಹತ್ತಿರದವರಿಗೆ, ಸಹಾಯವಾಣಿಗೆ ಅಥವಾ ಮಾನಸಿಕ ಆರೋಗ್ಯ ತಜ್ಞರಿಗೆ ಇವತ್ತೇ ಹೇಳಿ. ಇದೂ ಪೆಪ್‌ನಷ್ಟೇ ತುರ್ತಿನ ವಿಷಯ.

ಈ ದಿನಗಳಲ್ಲಿ ಕಾಂಡೋಮ್ ತಪ್ಪಿಸಬೇಡಿ. ಸೂಜಿ ಹಂಚಿಕೊಳ್ಳಬೇಡಿ, ರಕ್ತ ಕೊಡಬೇಡಿ. ಎದೆಹಾಲು ಕುಡಿಸುತ್ತಿರುವ ತಾಯಿ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

ಹೆಜ್ಜೆ 6: ಟೆಸ್ಟ್ ಮಾಡಿಸುವ ದಿನ

ವಾರದ ಮೊದಲ ದಿನಗಳಲ್ಲಿ, ಬೆಳಗಿನ ಹೊತ್ತು ಇಟ್ಟುಕೊಳ್ಳಿ. ರಜೆಯ ಹಿಂದಿನ ಸಂಜೆ ರಿಪೋರ್ಟ್ ಬಂದು, ಏನಾದರೂ ಕೇಳಬೇಕೆಂದರೆ ಆಸ್ಪತ್ರೆ ಮುಚ್ಚಿರುವ ಪರಿಸ್ಥಿತಿ ಬೇಡ. ಆ ದಿನ ಮುಖ್ಯ ಕೆಲಸ, ಸಮಾರಂಭ, ದೂರದ ಪ್ರಯಾಣ ಬೇರೇನೂ ಇರದಿರಲಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ, ತಿಂದುಕೊಂಡೇ ಹೋಗಿ. ರಕ್ತ ನೋಡಿದರೆ ತಲೆಸುತ್ತುವವರು ಮೊದಲೇ ಹೇಳಿದರೆ ಮಲಗಿಸಿ ತೆಗೆಯುತ್ತಾರೆ.

ಕೌನ್ಸೆಲರ್ ಕೇಳುವ ಪ್ರಶ್ನೆಗಳು ನೇರವಾಗಿರುತ್ತವೆ: ಯಾವಾಗ, ಯಾವ ಬಗೆಯ ಸಂಪರ್ಕ, ಕಾಂಡೋಮ್ ಇತ್ತೇ, ಸೂಜಿ ಬಳಕೆ ಇದೆಯೇ. ನಿಮ್ಮನ್ನು ಅಳೆಯಲು ಅಲ್ಲ, ವಿಂಡೋ ಪೀರಿಯಡ್ ಲೆಕ್ಕ ಹಾಕಲು. ಇಲ್ಲಿ ನಾಚಿಕೆಯಿಂದ ತಾರೀಖು ತಪ್ಪು ಹೇಳಿದರೆ ಫಲಿತಾಂಶದ ಅರ್ಥವೇ ತಪ್ಪಾಗುತ್ತದೆ. ಎಚ್‌ಐವಿ ಔಷಧಿ, ಪೆಪ್ ಅಥವಾ ಪ್ರೆಪ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ರ‍್ಯಾಪಿಡ್ ಕಿಟ್ ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಉತ್ತರ, ಲ್ಯಾಬ್ ಆದರೆ ಒಂದೆರಡು ದಿನ ಹಿಡಿಯಬಹುದು. ಆತಂಕ ಹೆಚ್ಚಿರುವವರಿಗೆ ರ‍್ಯಾಪಿಡ್ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. 90 ದಿನ ದಾಟಿದವರ ಮಟ್ಟಿಗೆ ಅದು ಸರಿ. ಅದಕ್ಕೂ ಮುಂಚೆಯಾದರೆ, ಒಂದೆರಡು ದಿನ ಕಾದರೂ ಲ್ಯಾಬ್ ಟೆಸ್ಟೇ ವಾಸಿ ಎಂದು ನನ್ನ ಅಭಿಪ್ರಾಯ. ಅರ್ಧ ಗಂಟೆಯಲ್ಲಿ ಬಂದ ಅರೆಬರೆ ಉತ್ತರ ಭಯವನ್ನು ಇನ್ನಷ್ಟು ದಿನ ಎಳೆಯುತ್ತದೆ.

ಮನೆಯಲ್ಲೇ ಮಾಡುವುದಾದರೆ

ಬಾಯಿಯ ಒಸಡು ಸವರಿ ಅಥವಾ ಬೆರಳ ರಕ್ತದಿಂದ ಮಾಡುವ ಸ್ವಯಂ ಪರೀಕ್ಷಾ ಕಿಟ್‌ಗಳು ಹಲವು ದೇಶಗಳಲ್ಲಿ ಸಿಗುತ್ತವೆ. 2016ರಿಂದ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಶಿಫಾರಸು ಮಾಡುತ್ತಿದೆ. ಒಸಡಿನ ಟೆಸ್ಟ್ ಹುಡುಕುವುದು ಪ್ರತಿಕಾಯವನ್ನು, ವೈರಸ್ಸನ್ನಲ್ಲ. ಹಾಗಾಗಿ ‘ಎಂಜಲಿನಲ್ಲಿ ಪತ್ತೆಯಾದರೆ ಎಂಜಲಿನಿಂದ ಹರಡುತ್ತದೆ’ ಎಂಬ ತರ್ಕ ನಿಲ್ಲುವುದಿಲ್ಲ.

ಕಿಟ್ ತೆರೆಯುವ ಮೊದಲು ಅವಧಿ ಮುಗಿದಿದೆಯೇ ನೋಡಿ, ಸೂಚನೆಗಳನ್ನು ಪೂರ್ತಿ ಓದಿ, ಫೋನಿನಲ್ಲಿ ಟೈಮರ್ ಇಡಿ. ಕಿಟಕಿಯಂಥ ಸಣ್ಣ ಜಾಗದಲ್ಲಿ ಎರಡು ಗುರುತಿರುತ್ತವೆ, ಸಿ ಮತ್ತು ಟಿ. ಸಿ ಪಕ್ಕ ಗೆರೆ ಬಂದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದರ್ಥ. ಅದೊಂದೇ ಬಂದರೆ ನಾನ್-ರಿಯಾಕ್ಟಿವ್. ಎರಡೂ ಬಂದರೆ, ಟಿ ಗೆರೆ ಎಷ್ಟೇ ಮಸುಕಾಗಿರಲಿ, ರಿಯಾಕ್ಟಿವ್ ಎಂದೇ ತಿಳಿದು ಆಸ್ಪತ್ರೆಗೆ ಹೋಗಿ. ಸಿ ಗೆರೆಯೇ ಬಾರದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ, ಬೇರೆ ತನ್ನಿ. ಸೂಚಿಸಿದ ಸಮಯಕ್ಕಿಂತ ಮುಂಚೆ ನೋಡಿದ್ದೂ, ಅದು ಕಳೆದು ಎಷ್ಟೋ ಹೊತ್ತಾದ ಮೇಲೆ ಕಸದ ಬುಟ್ಟಿಯಿಂದ ಎತ್ತಿ ಟಾರ್ಚ್ ಹಿಡಿದು ನೋಡಿದ್ದೂ ಫಲಿತಾಂಶವಲ್ಲ. ಒಬ್ಬರೇ ಇದ್ದಾಗ ತೀರಾ ಕುಗ್ಗುವ ಸ್ವಭಾವದವರು ಮನೆಯ ಕಿಟ್ ಬದಲು ಕೌನ್ಸೆಲರ್ ಇರುವ ಕಡೆಗೇ ಹೋಗುವುದು ಕ್ಷೇಮ.

ಹೆಜ್ಜೆ 7: ರಿಪೋರ್ಟ್ ಓದುವುದು

ಲ್ಯಾಬಿನ ರಿಪೋರ್ಟ್ ‘ನೆಗೆಟಿವ್’ ಎನ್ನುವ ಬದಲು ‘ನಾನ್-ರಿಯಾಕ್ಟಿವ್’ ಎನ್ನಬಹುದು. ಎರಡೂ ಒಂದೇ. ಅದರ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, ಎಷ್ಟೋ ಜನರ ನೆಮ್ಮದಿ ಕೆಡಿಸುವುದು ಇದೇ ಪುಟಾಣಿ ಅಂಕಿ. ಉದಾಹರಣೆಗೆ: ಫಲಿತಾಂಶ 0.21, ಮಿತಿ 1.00. ‘ಸೊನ್ನೆ ಬರಬೇಕಿತ್ತಲ್ಲ, 0.21 ಎಂದರೆ ಸ್ವಲ್ಪ ಇದೆಯೇ?’ ಇಲ್ಲ. ಯಂತ್ರ ಅಳೆಯುವುದು ರಾಸಾಯನಿಕ ಕ್ರಿಯೆಯಿಂದ ಹೊಮ್ಮುವ ಬೆಳಕನ್ನೋ ಬಣ್ಣವನ್ನೋ. ಸೋಂಕೇ ಇಲ್ಲದ ರಕ್ತದಲ್ಲೂ ಒಂದಿಷ್ಟು ಹಿನ್ನೆಲೆಯ ಮಿಣುಕು ಇದ್ದೇ ಇರುತ್ತದೆ. ಮಿತಿಯ ಕೆಳಗಿದ್ದರೆ ಮುಗಿಯಿತು. ಕಳೆದ ಸಲ 0.11 ಇದ್ದದ್ದು ಈ ಸಲ 0.24 ಆಗಿದೆ, ‘ಏರುತ್ತಿದೆ’ ಎಂಬ ಲೆಕ್ಕಕ್ಕೂ ಅರ್ಥವಿಲ್ಲ. ಈ ಅಂಕಿಯನ್ನು ಓದಬೇಕಾದ್ದು ಒಂದೇ ರೀತಿ: ಮಿತಿಯ ಕೆಳಗೋ ಮೇಲೋ.

‘ರಿಯಾಕ್ಟಿವ್’ ಬಂದರೆ ಅದು ಇನ್ನೂ ರೋಗನಿರ್ಣಯವಲ್ಲ. ಮೊದಲ ಹಂತದ ಟೆಸ್ಟ್‌ಗಳನ್ನು ಒಂದೂ ಸೋಂಕು ಕೈತಪ್ಪದಂತೆ ಅತಿ ಸೂಕ್ಷ್ಮವಾಗಿ ಮಾಡಿರುತ್ತಾರೆ. ಆದ್ದರಿಂದ ಕೆಲವೊಮ್ಮೆ ಸೋಂಕಿಲ್ಲದವರನ್ನೂ ಹಿಡಿಯುತ್ತವೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: 10,000 ಜನರಲ್ಲಿ 10 ಜನಕ್ಕೆ ನಿಜಕ್ಕೂ ಸೋಂಕಿದೆ, ಸೋಂಕಿಲ್ಲದ ಸಾವಿರ ಜನರಲ್ಲಿ ಇಬ್ಬರಿಗೆ ಟೆಸ್ಟ್ ತಪ್ಪಾಗಿ ರಿಯಾಕ್ಟಿವ್ ತೋರಿಸುತ್ತದೆ. ಆಗ ನಿಜವಾದ ರಿಯಾಕ್ಟಿವ್ 10, ಸುಳ್ಳು ರಿಯಾಕ್ಟಿವ್ ಸುಮಾರು 20. ಟೆಸ್ಟ್ ಅಷ್ಟು ಒಳ್ಳೆಯದಿದ್ದೂ ಹೀಗಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಒಂದಾದ ಮೇಲೊಂದರಂತೆ ಮೂರು ಬೇರೆ ಬೇರೆ ಟೆಸ್ಟ್‌ಗಳು ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಎನ್ನಬೇಕು ಎಂದು ಹೇಳಿದ್ದು. ಕೆಲವು ದೇಶಗಳ ಲ್ಯಾಬ್‌ಗಳಲ್ಲಿ ಖಚಿತಪಡಿಸುವ ಕ್ರಮ ಸ್ವಲ್ಪ ಬೇರೆ ಇರಬಹುದು, ಆದರೆ ಒಂದೇ ಟೆಸ್ಟಿನ ಮೇಲೆ ಯಾರೂ ತೀರ್ಪು ಕೊಡುವುದಿಲ್ಲ, ನೀವೂ ಕೊಟ್ಟುಕೊಳ್ಳಬೇಡಿ. ಅದೇ ನೆಪದಲ್ಲಿ ‘ಸುಳ್ಳೇ ಇರಬೇಕು’ ಎಂದು ಮನೆಯಲ್ಲಿ ಕೂರುವುದೂ ತಪ್ಪು. ಖಚಿತಪಡಿಸುವ ಟೆಸ್ಟ್‌ಗೆ ಅದೇ ದಿನ ಅಥವಾ ಮರುದಿನ ರಕ್ತ ಕೊಡಿ.

‘ಇಂಡಿಟರ್ಮಿನೇಟ್’ ಎಂದು ಬಂದರೆ ಇದ್ದೂ ಇಲ್ಲದಂಥ ಫಲಿತಾಂಶ. ವೈದ್ಯರು ಕೆಲವು ದಿನ ಬಿಟ್ಟು ಮತ್ತೆ ಮಾಡಿಸುತ್ತಾರೆ ಅಥವಾ ನ್ಯಾಟ್ ಮಾಡಿಸುತ್ತಾರೆ.

ಹೆಜ್ಜೆ 8: ನೆಗೆಟಿವ್ ಬಂದ ಮೇಲೂ ಭಯ ಹೋಗದಿದ್ದರೆ

ಸರಿಯಾದ ದಿನದಲ್ಲಿ, ಸರಿಯಾದ ಟೆಸ್ಟ್, ನೆಗೆಟಿವ್. ಹೆಚ್ಚಿನವರಿಗೆ ಇಷ್ಟಕ್ಕೇ ಮನಸ್ಸು ಹಗುರಾಗುತ್ತದೆ. ಕೆಲವರಿಗೆ ಹಗುರಾಗುವುದು ಎರಡೇ ದಿನ. ‘ಸ್ಯಾಂಪಲ್ ಅದಲುಬದಲಾಗಿದ್ದರೆ? ನನ್ನ ದೇಹ ಪ್ರತಿಕಾಯವನ್ನೇ ತಯಾರಿಸದಿದ್ದರೆ?’ ಮತ್ತೊಂದು ಲ್ಯಾಬ್, ಮತ್ತೊಂದು ಟೆಸ್ಟ್, ಮತ್ತೆರಡು ದಿನದ ನೆಮ್ಮದಿ. ಈಗ ಆ ಚೀಟಿ ತೆಗೆಯಿರಿ. ಅದನ್ನು ಬರೆದವರು ನೀವೇ, ಇಷ್ಟು ಗಾಬರಿ ಇಲ್ಲದ ಹೊತ್ತಿನಲ್ಲಿ.

ಹಾಗಿದ್ದೂ ತಡೆಯಲಾಗದೆ ಇನ್ನೊಂದು ಟೆಸ್ಟಿಗೆ ಹೊರಟಿದ್ದೀರೆಂದರೆ ಚಿಕಿತ್ಸೆ ಬೇಕಿರುವುದು ಎಚ್‌ಐವಿಗಲ್ಲ, ಆತಂಕಕ್ಕೆ. ಪ್ರತಿ ಹೆಚ್ಚುವರಿ ಟೆಸ್ಟ್ ಈ ಭಯಕ್ಕೆ ಮೇವು. ಆರೋಗ್ಯದ ಅತಿ ಆತಂಕಕ್ಕೂ ಗೀಳಿನ ಕಾಯಿಲೆಗೂ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧಿಗಳೂ ಇವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಅನೇಕ ಸಲ ಈ ಭಯದ ಕೆಳಗೆ ಬೇರೇನೋ ಕೂತಿರುತ್ತದೆ: ಸಂಗಾತಿಗೆ ಮೋಸ ಮಾಡಿದೆ ಎಂಬ ಕೊರಗು, ಶಿಕ್ಷೆ ಆಗಲೇಬೇಕೆಂಬ ಒಳಗಿನ ಮಾತು. ರಕ್ತ ಪರೀಕ್ಷೆ ಅದನ್ನು ಮುಟ್ಟುವುದೂ ಇಲ್ಲ.

ನಿಮ್ಮ ನೆಗೆಟಿವ್ ನಿಮ್ಮ ಸಂಗಾತಿಯ ನೆಗೆಟಿವ್ ಅಲ್ಲ. ಅವರ ಟೆಸ್ಟ್ ಅವರೇ ಮಾಡಿಸಬೇಕು. ಸೋಂಕಿನ ಸಾಧ್ಯತೆ ಮತ್ತೆ ಮತ್ತೆ ಎದುರಾಗುವ ಬದುಕಾದರೆ ಪ್ರೆಪ್ ಬಗ್ಗೆ ವೈದ್ಯರನ್ನು ಕೇಳಿ. ದಿನದ ಮಾತ್ರೆಯಲ್ಲದೆ ಈಗ ಇಂಜೆಕ್ಷನ್‌ಗಳೂ ಇವೆ. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಳ್ಳುವ ಲೆನಕಾಪವಿರ್‌ಗೆ 2025ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು.

ಹೆಜ್ಜೆ 9: ಪಾಸಿಟಿವ್ ಎಂದು ಖಚಿತವಾದರೆ

ಆ ಕೋಣೆಯಲ್ಲಿ ಹೇಳಿದ ಮಾತು ಅರ್ಧಕ್ಕರ್ಧ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಎಲ್ಲವನ್ನೂ ಬರೆದುಕೊಡಿ ಎಂದು ಕೇಳಿ, ಜೊತೆಗೆ ಬಂದವರಿಗೂ ಕೇಳಿಸಿಕೊಳ್ಳಲು ಹೇಳಿ, ಮುಂದಿನ ಭೇಟಿಯ ದಿನ ತಿಳಿಯದೆ ಎದ್ದು ಬರಬೇಡಿ. ಅಳು ಬಂದರೆ ಅತ್ತುಬಿಡಿ. ಆ ದಿನ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ: ಕೆಲಸ ಬಿಡುವುದು, ಮದುವೆ ಮುರಿಯುವುದು, ಎಲ್ಲರಿಗೂ ಹೇಳಿಬಿಡುವುದು.

ಮಾಡಬೇಕಾದ್ದು ಒಂದೇ, ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಎಂಬ ಚಿಕಿತ್ಸೆಗೆ ಹೆಸರು ಬರೆಸುವುದು. ‘ರೋಗ ನಿರೋಧಕ ಶಕ್ತಿಯ ಸಿಡಿ4 ಕೋಶಗಳು ಇಷ್ಟಕ್ಕಿಳಿಯಲಿ, ಆಮೇಲೆ ಔಷಧಿ’ ಎಂದು ಕಾಯಿಸುವ ಪದ್ಧತಿ ಹಿಂದೆ ಇತ್ತು. ಸ್ಟಾರ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2015ರಲ್ಲಿ, ತಕ್ಷಣ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವಿನ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆ ಎಂದು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಚಿಕಿತ್ಸೆ ಎಂದಿತು. 2017ರಲ್ಲಿ, ಸೋಂಕು ಖಚಿತವಾದ ಏಳು ದಿನದೊಳಗೆ, ಸಿದ್ಧರಿದ್ದವರಿಗೆ ಅದೇ ದಿನವೇ ಶುರುಮಾಡಿ ಎಂದಿತು. ಕ್ಷಯ ಅಥವಾ ಮೆದುಳು ಪೊರೆಯ ಸೋಂಕಿನ ಲಕ್ಷಣ ಇದ್ದರೆ ಮಾತ್ರ ಮೊದಲು ಅದನ್ನು ಪರೀಕ್ಷಿಸುತ್ತಾರೆ. ಬಹಳಷ್ಟು ಜನರಿಗೆ ದಿನಕ್ಕೆ ಒಂದೇ ಮಾತ್ರೆ. ಸೋಂಕು ಬೇಗ ಪತ್ತೆಯಾಗಿ, ಔಷಧಿ ತಪ್ಪದೆ ತೆಗೆದುಕೊಂಡವರ ಆಯಸ್ಸು ಉಳಿದವರ ಆಯಸ್ಸಿಗೆ ಹತ್ತಿರವೇ ಇರುತ್ತದೆ.

ಔಷಧಿ ಶುರುವಾಗಿ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಇಳಿದು ಅಲ್ಲೇ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಪಾರ್ಟ್ನರ್ ಅಧ್ಯಯನಗಳು 2016 ಮತ್ತು 2019ರಲ್ಲಿ ಪ್ರಕಟವಾದವು. ಎರಡನೆಯದರಲ್ಲಿ ಪುರುಷ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ ಸಂಭೋಗ ಸುಮಾರು 76,000 ಸಲ ನಡೆದಿತ್ತು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಹರಡಿದ ಸೋಂಕು: ಸೊನ್ನೆ. ಮಕ್ಕಳ ವಿಷಯದಲ್ಲೂ ಹಾಗೆಯೇ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಂಭವ 15ರಿಂದ 45 ಶೇಕಡಾ, ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ.

ಯಾರಿಗೆ ಹೇಳಬೇಕು? ವೈದ್ಯರಿಗೆ ಮತ್ತು ಸಂಗಾತಿಗೆ. ಉಳಿದವರಿಗೆ ನಿಮ್ಮ ಇಷ್ಟ, ನಿಮ್ಮ ಸಮಯ. ಸಂಗಾತಿಗೆ ಒಬ್ಬರೇ ಹೇಳಲಾಗದಿದ್ದರೆ ಕೌನ್ಸೆಲರ್ ಎದುರಿಗೆ ಕೂತು ಹೇಳಬಹುದು. ಹಿಂಸೆಯ ಭಯವಿದ್ದರೆ ಅದನ್ನು ಮೊದಲು ಕೌನ್ಸೆಲರ್‌ಗೆ ತಿಳಿಸಿ, ನಿಮ್ಮ ಹೆಸರು ಹೊರಗೆ ಬರದಂತೆ ಸಂಗಾತಿಯನ್ನು ಟೆಸ್ಟಿಗೆ ಕರೆಸುವ ವ್ಯವಸ್ಥೆ ಹಲವು ಕಡೆ ಇದೆ. ಸಂಗಾತಿಯ ಜೊತೆಗಿನ ಇತ್ತೀಚಿನ ಸಂಪರ್ಕ 72 ಗಂಟೆಯೊಳಗಿನದ್ದಾಗಿದ್ದರೆ ಅವರಿಗೆ ಪೆಪ್ ಇನ್ನೂ ಸಿಗಬಹುದು, ಹಾಗಾಗಿ ಈ ಮಾತು ನಾಳೆಗೆ ಉಳಿಯಬಾರದು. ತಾಯಿಗೆ ಸೋಂಕು ಇದೆ ಎಂದಾದರೆ ಮಕ್ಕಳಿಗೂ ಟೆಸ್ಟ್ ಮಾಡಿಸಿ. ಒಂದೂವರೆ ವರ್ಷದೊಳಗಿನ ಮಗುವಿಗೆ ಸಾಮಾನ್ಯ ಪ್ರತಿಕಾಯ ಟೆಸ್ಟ್ ಸಾಲದು, ಅದರಲ್ಲಿ ತಾಯಿಯ ಪ್ರತಿಕಾಯಗಳೇ ಕಾಣಿಸುತ್ತವೆ. ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾದರಿಯ ಪರೀಕ್ಷೆ ಬೇಕೆಂದು ಹೆಸರು ಹಿಡಿದೇ ಕೇಳಿ.